ಲೇಥ್ ಮುಂದೆ ಯಾರು ನಿಂತಿದ್ದಾರೆ?

ಓದುಗರ ಪ್ರಶ್ನೆ, ಮೇಡಂ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ನಮ್ಮ ಮನಸ್ಸು ಯಾವ ಕಡೆ ವಾಲುತ್ತದೆ ಅನ್ನೋದನ್ನು ನೋಡಿಕೊಳ್ಳಲು ಇಂಜಿನಿಯರಿಂಗ್ ಮಕ್ಕಳಿಗೆ ಕಾಲೇಜಿನಲ್ಲೇ ಕಲಿಸಬೇಕು ಅಂತ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಮೇಲೆಯೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಹೇಳುವುದಾದರೆ, ನಾನು ಹುಬ್ಬಳ್ಳಿ-ಧಾರವಾಡದಲ್ಲಿ 31 ವರ್ಷ ಮೆಕ್ಯಾನಿಕಲ್ ಕಲಿಸಿದವಳು. ಹುಟ್ಟಿದ್ದು ರೋಣ ತಾಲೂಕಿನ ಹಳ್ಳಿಯಲ್ಲಿ.

ಪ್ರಶ್ನೆ: ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಉಪನ್ಯಾಸಕಿ. ಪೂರ್ವಗ್ರಹ, ವೈವಿಧ್ಯ ಈ ವಿಷಯದ ಮೇಲೆ ಒಂದು ದಿನದ ಕಾರ್ಯಕ್ರಮ ಮಾಡಿ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಹೊರಗಿನಿಂದ ಯಾರನ್ನಾದರೂ ಕರೆಸಿ ಭಾಷಣ ಇಡಿಸಿದರೆ ಹುಡುಗರು ಮೊಬೈಲ್ ನೋಡುತ್ತಾ ಕೂರುತ್ತಾರೆ. ಏನು ಮಾಡಲಿ?
(ಉಪನ್ಯಾಸಕಿ, ಧಾರವಾಡ)

ಭಾಷಣ ಬೇಡ ತಂಗಿ. ಲ್ಯಾಬಿನ ಡ್ರಾಯರ್ ತೆಗೆದು, ದಪ್ಪ ಮತ್ತು ವ್ಯಾಸ ಅಳೆಯುವ ವರ್ನಿಯರ್ ಕ್ಯಾಲಿಪರ್ ಹೊರಗಿಡಿ.

ನಾನು ಹಾಗೇ ಶುರು ಮಾಡುತ್ತಿದ್ದೆ. ನಮ್ಮ ಲ್ಯಾಬಿನಲ್ಲಿ ಒಂದು ಹಳೆಯ ವರ್ನಿಯರ್ ಇತ್ತು. ದವಡೆ ಪೂರ್ತಿ ಮುಚ್ಚಿದರೂ ಸೊನ್ನೆಗೆ ಸೊನ್ನೆ ಕೂಡುತ್ತಿರಲಿಲ್ಲ. 0.06 ಮಿ.ಮೀ. ಜಾಸ್ತಿ ತೋರಿಸುತ್ತಿತ್ತು. ಅದನ್ನು ಬೇಕಂತಲೇ ಮಕ್ಕಳ ಕೈಗೆ ಕೊಡುತ್ತಿದ್ದೆ. ಒಂದು ಪಿನ್ನಿನ ವ್ಯಾಸ ಹತ್ತು ಸಲ ಅಳೆದು ಸರಾಸರಿ ತೆಗೆಯಿರಿ ಅನ್ನುತ್ತಿದ್ದೆ. ಹತ್ತೂ ಸಲ ಉತ್ತರ ಹೆಚ್ಚುಕಮ್ಮಿ ಒಂದೇ ಬರುತ್ತಿತ್ತು. ಎಷ್ಟು ಚೆನ್ನಾಗಿ ಅಳೆದೆವು ಅಂತ ಮಕ್ಕಳಿಗೆ ಖುಷಿ. ಆಮೇಲೆ ಸರಿಯಾದ ವರ್ನಿಯರ್ ಕೊಡುತ್ತಿದ್ದೆ. ಆಗ ಗೊತ್ತಾಗುತ್ತಿತ್ತು, ಹತ್ತಕ್ಕೆ ಹತ್ತೂ ತಪ್ಪು. ಅದೂ ಒಂದೇ ಕಡೆಗೆ ತಪ್ಪು.

ನೂರು ಸಲ ಅಳೆದರೂ ಇದು ಹೋಗುವುದಿಲ್ಲ, ಯಾಕೆ? ಸೊನ್ನೆ ದೋಷ ಅಂತ ಹಿಂದಿನ ಬೆಂಚಿನವನೂ ಹೇಳುತ್ತಿದ್ದ. ಹಾಗಾದರೆ ವರ್ನಿಯರ್‌ಗೆ ಬೈಯೋಣವಾ ಅಂದರೆ ನಗುತ್ತಿದ್ದರು. ಬೈಯುವುದಿಲ್ಲ. ಎಷ್ಟು ವಾಲಿದೆ ಅಂತ ಮೊದಲೇ ಬರೆದಿಟ್ಟುಕೊಂಡು ಪ್ರತಿ ಅಳತೆಯಲ್ಲೂ ಕಳೆಯುತ್ತೇವೆ. ಇಷ್ಟಾದ ಮೇಲೆ ಮನುಷ್ಯರ ಮಾತಿಗೆ ಬರುತ್ತಿದ್ದೆ. ಆಗ ಯಾರಿಗೂ ತಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಅನಿಸುತ್ತಿರಲಿಲ್ಲ. ಈ ವಿಷಯ ಕಲಿಸುವಾಗ ಅದು ತುಂಬಾ ಮುಖ್ಯ. ತಪ್ಪಿತಸ್ಥ ಅನಿಸಿದ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನೆ.

ಮುಂದಿನ ಉದಾಹರಣೆ ನಿಮ್ಮ ಸಬ್ಜೆಕ್ಟಿನ ಒಳಗಿಂದಲೇ ತೆಗೆಯಿರಿ. ಕಾರು ಗುದ್ದಿಸಿ ಪರೀಕ್ಷೆ ಮಾಡುವ ಬೊಂಬೆಯ ಕಥೆ ಹೇಳಿ. ಅಮೆರಿಕದ ಜನರಲ್ ಮೋಟರ್ಸ್ 1976ರಲ್ಲಿ ತಯಾರಿಸಿದ ಹೈಬ್ರಿಡ್-3 ಬೊಂಬೆಯ ತೂಕ ಸುಮಾರು 78 ಕೆ.ಜಿ., ಎತ್ತರ ಐದು ಅಡಿ ಒಂಬತ್ತು ಇಂಚು. ಅಂದರೆ ಅಲ್ಲಿಯ ಸರಾಸರಿ ಗಂಡಸು. ಹೆಣ್ಣು ಬೊಂಬೆ ಅಂತ ಆಮೇಲೆ ಬಂದದ್ದು ಬಹುಮಟ್ಟಿಗೆ ಅದನ್ನೇ ಕುಗ್ಗಿಸಿ ಮಾಡಿದ್ದು. ಸುಮಾರು 49 ಕೆ.ಜಿ., ಐದು ಅಡಿ. ಸರಾಸರಿ ಹೆಂಗಸಿನ ಅಳತೆ ಅದಲ್ಲ, ತೀರಾ ಚಿಕ್ಕ ಮೈಕಟ್ಟಿನವಳದು. ವರ್ಜೀನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಅಪಘಾತದ ದಾಖಲೆ ತೆಗೆದು ನೋಡಿದರು. ಎದುರಿನಿಂದ ಗುದ್ದಿದಾಗ, ಬೆಲ್ಟ್ ಹಾಕಿಕೊಂಡಿದ್ದರೂ, ಹೆಂಗಸರಿಗೆ ದೊಡ್ಡ ಪೆಟ್ಟು ಬೀಳುವ ಸಂಭವ ಗಂಡಸರಿಗಿಂತ ಶೇ. 73 ಜಾಸ್ತಿ ಅಂತ ಕಂಡಿತು.

ಇಲ್ಲಿಗೆ ನಿಲ್ಲಿಸಬೇಡಿ. 2021ರಲ್ಲಿ ಬಂದ ಇನ್ನೊಂದು ಅಧ್ಯಯನವನ್ನೂ ಹೇಳಿ. ಈ ಅಂತರದ ದೊಡ್ಡ ಭಾಗ ಬರುವುದು ಹೆಂಗಸರು ಓಡಿಸುವ ಕಾರು ಹಗುರ ಇರುವುದರಿಂದ ಮತ್ತು ಗುದ್ದುವ ರೀತಿಯಿಂದ ಅಂತ ಅದು ಹೇಳಿತು. ಅದನ್ನೆಲ್ಲ ಕಳೆದ ಮೇಲೂ ಕಾಲಿನ ಪೆಟ್ಟು ಮಾತ್ರ ಹೆಂಗಸರಿಗೇ ಜಾಸ್ತಿ ಉಳಿಯಿತು. ಎರಡನ್ನೂ ಮುಂದಿಟ್ಟು ಮಕ್ಕಳು ವಾದ ಮಾಡಲಿ. ನಮ್ಮ ಮಾತಿಗೆ ಅನುಕೂಲವಾದ ಅಂಕಿ ಒಂದನ್ನೇ ತೋರಿಸಿದರೆ ನಾವೂ ವಾಲಿದ ಹಾಗೆಯೇ ಅಲ್ವಾ? ಸ್ವೀಡನ್ನಿನಲ್ಲಿ ಆಸ್ಟ್ರಿಡ್ ಲಿಂಡರ್ ಅವರ ತಂಡ ಸರಾಸರಿ ಹೆಂಗಸಿನ ಅಳತೆಗೆ, 162 ಸೆಂ.ಮೀ., 62 ಕೆ.ಜಿ.ಗೆ, ಬೊಂಬೆ ಮಾಡಿ ತೋರಿಸಿದ್ದು 2022ರಲ್ಲಿ. ಹೈಬ್ರಿಡ್-3 ಬಂದು ಎಷ್ಟು ವರ್ಷ ಆಗಿತ್ತು ಅಂತ ಲೆಕ್ಕ ಹಾಕಲು ಮಕ್ಕಳಿಗೇ ಹೇಳಿ.

ಎಲೆಕ್ಟ್ರಾನಿಕ್ಸ್‌ನ ಸಹೋದ್ಯೋಗಿಗಳು ಪಲ್ಸ್ ಆಕ್ಸಿಮೀಟರ್ ಹಿಡಿಯಲಿ. ಕೊರೋನಾ ಕಾಲದಲ್ಲಿ ನಮ್ಮ ಮನೆಮನೆಗೂ ಬಂದ ವಸ್ತು. ಬೆರಳಿನ ಮೂಲಕ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಹೇಳುತ್ತದೆ. ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದೆ. ಅಮೆರಿಕದ ವೈದ್ಯರು 2020ರ ಡಿಸೆಂಬರಿನಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಉಪಕರಣ 92ರಿಂದ 96 ತೋರಿಸುತ್ತಿರುವಾಗ, ರಕ್ತ ತೆಗೆದು ನೋಡಿದರೆ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಇದನ್ನು ಕೇಳಿದ ನನ್ನ ತರಗತಿ ಒಂದು ಕ್ಷಣ ಸುಮ್ಮನಾಯಿತು. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು.

ಕೊನೆಗೆ ಕಂಪ್ಯೂಟರ್ ಸೈನ್ಸ್ ಮಕ್ಕಳಿಗೆ. ಮೊಬೈಲಿನ ವಾಯ್ಸ್ ಟೈಪಿಂಗ್ ತೆಗೆದು ಎಲ್ಲರೂ ತಮ್ಮ ಮನೆಯ ಮಾತಿನಲ್ಲಿ ಹತ್ತು ವಾಕ್ಯ ಹೇಳಲಿ. ಎಷ್ಟು ಪದ ತಪ್ಪಾಯಿತು ಅಂತ ಎಣಿಸಲಿ. ನಮ್ಮಲ್ಲಿ ಹೀಗೆ ಮಾಡಿಸಿದಾಗ ಬೆಂಗಳೂರಿನ ಹುಡುಗನ ವಾಕ್ಯ ಸಲೀಸಾಗಿ ಬಂತು. ಹಾನಗಲ್ ಕಡೆಯ ಹುಡುಗಿ "ಎಲ್ಲಿಗ್ ಹೊಂಟೀಯವ್ವ" ಅಂತ ಮೂರು ಸಲ ಹೇಳಬೇಕಾಯಿತು. ನಾಲ್ಕನೇ ಸಲ ಅವಳು ತನ್ನ ಮಾತನ್ನೇ ಬದಲಾಯಿಸಿಕೊಂಡಳು. ಆ ಕ್ಷಣವನ್ನು ಹಿಡಿದು ನಿಲ್ಲಿಸಿ, ಅದರ ಬಗ್ಗೆ ಮಾತಾಡಿಸಿ. ಯಂತ್ರ ತಪ್ಪು ಮಾಡಿತು, ತಿದ್ದಿಕೊಂಡವಳು ಹುಡುಗಿ.

ಪ್ರಶ್ನೆ: ನಮ್ಮ ಪ್ರಾಜೆಕ್ಟ್ ಬ್ಯಾಚಿನಲ್ಲಿ ಮೂವರು ಹುಡುಗರು, ನಾನೊಬ್ಬಳೇ ಹುಡುಗಿ. "ನಿನ್ನ ಅಕ್ಷರ ಚೆಂದ, ರಿಪೋರ್ಟ್ ನೀನೇ ಬರಿ, ಪಿಪಿಟಿ ನೀನೇ ಮಾಡು" ಅನ್ನುತ್ತಾರೆ. ವೆಲ್ಡಿಂಗ್, ಫಿಟ್ಟಿಂಗ್ ಎಲ್ಲಾ ಅವರೇ. ಅವರೇನೂ ಕೆಟ್ಟವರಲ್ಲ ಮೇಡಂ. ಜಗಳ ಮಾಡಲು ನನಗೆ ಇಷ್ಟ ಇಲ್ಲ.
(ಹೆಸರು ಬೇಡ, ಗದಗ)

ನಿನ್ನ ಪತ್ರ ಓದಿ ನನಗೆ ಹಳೆಯದೊಂದು ನೆನಪಾಯಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ಹತ್ತು ಹನ್ನೆರಡು ವರ್ಷ ವರ್ಕ್‌ಶಾಪಿನಲ್ಲಿ ನಿಮ್ಮ ಹುಡುಗರ ಹಾಗೆಯೇ ಮಾಡಿದ್ದೇನೆ. ಬ್ಯಾಚಿನಲ್ಲಿ ಒಬ್ಬ ಹುಡುಗಿ ಇದ್ದರೆ ರೀಡಿಂಗ್ ಬರೆಯುವ ಪುಸ್ತಕ ಅವಳ ಕೈಗೆ. ಲೋಹ ಕಡೆಯುವ ಯಂತ್ರ ಲೇಥ್, ಅದು ಹುಡುಗರ ಕೈಗೆ. ಯಾರೂ ಹೇಳಿಕೊಟ್ಟದ್ದಲ್ಲ. ಕೈ ತಾನಾಗಿಯೇ ಹಾಗೆ ಹೋಗುತ್ತಿತ್ತು. ನಾನೂ ಹೆಣ್ಣು, ನನಗೆ ಇದು ಕಾಣಲೇ ಇಲ್ಲ. ಒಬ್ಬ ಹಳೆಯ ವಿದ್ಯಾರ್ಥಿನಿ ಕೆಲಸದ ಸಂದರ್ಶನ ಮುಗಿಸಿ ನೇರವಾಗಿ ನನ್ನ ಕೋಣೆಗೆ ಬಂದಳು. ಲೇಥಿನ ಮೇಲೆ ಥ್ರೆಡ್ ಕಟ್ಟಿಂಗ್ ಹೇಗೆ ಮಾಡ್ತೀಯ ಅಂತ ಕೇಳಿದರಂತೆ. ಪುಸ್ತಕದಲ್ಲಿ ಇದ್ದದ್ದನ್ನು ಪೂರ್ತಿ ಹೇಳಿದಳಂತೆ. ಕೈಯಿಂದ ಮಾಡಿದ್ದೀಯಾ ಅಂದಾಗ ಸುಮ್ಮನಾದಳಂತೆ. "ಮೇಡಂ, ನಾಲ್ಕು ವರ್ಷದಾಗ ನೀವು ನನ್ನ ಕೈಗೆ ಲೇಥ್ ಕೊಡಲೇ ಇಲ್ರಿ" ಅಂದಳು. ಸಿಟ್ಟಿನಿಂದ ಅಂದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನವೇ ಹಳೆಯ ರೆಕಾರ್ಡ್ ಪುಸ್ತಕಗಳನ್ನು ಇಳಿಸಿ ನೋಡಿದೆ. ಬ್ಯಾಚಿನ ರೀಡಿಂಗ್ ಪುಸ್ತಕದಲ್ಲಿ ಯಾರ ಅಕ್ಷರ ಇದೆ ಅಂತ. ಪುಟ ತಿರುವಿದಷ್ಟೂ ಹುಡುಗಿಯರ ಅಕ್ಷರ. ಅದೇ ನನ್ನ ಸೊನ್ನೆ ದೋಷ. ಆಮೇಲೆ ವರ್ಕ್‌ಶಾಪಿನ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಯಂತ್ರ ನಡೆಸುವವರು, ಅಳೆಯುವವರು, ಬರೆಯುವವರು, ಟೂಲ್ ಜೋಡಿಸುವವರು. ವಾರ ವಾರ ಬದಲು. ಅಕ್ಷರ ಚೆನ್ನಾಗಿಲ್ಲ ಅಂದ ಹುಡುಗರಿಗೆ, ಬರೆದರೆ ಚೆನ್ನಾಗುತ್ತದೆ ಅಂದೆ.

ಈಗ ನಿನ್ನ ಕೆಲಸ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಯಾರು ಯಾವ ಕೆಲಸ ಎಷ್ಟು ಹೊತ್ತು ಮಾಡಿದರು ಅಂತ ಬರೆದಿಡು. ನಿನ್ನದನ್ನೂ ಬರೆ. ಆಮೇಲೆ ನಾಲ್ವರೂ ಕೂತು ನೋಡಿ. ಅವರು ಒಳ್ಳೆಯವರೇ ಅಂತ ನೀನೇ ಬರೆದಿದ್ದೀಯ. ಒಳ್ಳೆಯವರಿಗೆ ಕಾಣದೇ ಇದ್ದದ್ದು ಕಂಡರೆ ಸಾಕಾಗುತ್ತದೆ, ಹೆಚ್ಚಿನ ಸಲ. "ಈ ವಾರ ವೆಲ್ಡಿಂಗ್ ನಾ ಮಾಡ್ತೀನಿ, ರಿಪೋರ್ಟ್ ನೀ ಬರಿ" ಅಂತ ಸೀದಾ ಹೇಳು. ಅದು ಜಗಳ ಅಲ್ಲ. ಕೇಳದಿದ್ದರೆ ಅದೇ ನೋಟ್‌ಬುಕ್ ಗೈಡ್ ಮುಂದೆ ಇಡು.

ಉದ್ದ ಕೂದಲು, ದುಪಟ್ಟಾ ಯಂತ್ರಕ್ಕೆ ಸಿಗುತ್ತದೆ, ದೂರ ನಿಲ್ಲು ಅಂತ ಯಾರಾದರೂ ಅಂದರೆ, ಅಪಾಯ ಇರುವುದು ನಿಜ. ಅದಕ್ಕೆ ಉಪಾಯ ಏಪ್ರನ್, ಬಿಗಿಯಾಗಿ ಕಟ್ಟಿದ ತುರುಬು, ಬಳೆ ತೆಗೆದಿಡುವುದು, ಬೂಟು. ಹುಡುಗರ ಕೈಯ ಕಡಗ, ದಾರ, ಉಂಗುರ, ಸಡಿಲ ತೋಳು ಕೂಡ ಅಷ್ಟೇ ಅಪಾಯ. ಅವರಿಗೆ ಮಾತ್ರ ದೂರ ನಿಲ್ಲು ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ತೆಗೆದಿಟ್ಟು ಬಾ ಅನ್ನುತ್ತಾರೆ. ನಿನಗೂ ಅದೇ ನಿಯಮ ಇರಲಿ.

ಪ್ರಶ್ನೆ: ಮಗಳು ಸಿವಿಲ್ ಇಂಜಿನಿಯರಿಂಗೇ ಬೇಕು ಅಂತ ಹಟ ಹಿಡಿದಿದ್ದಾಳೆ. ಬಿಸಿಲಿನಲ್ಲಿ, ಗಂಡಸರ ನಡುವೆ, ಸೈಟ್ ಮೇಲೆ ಹೆಣ್ಣುಮಗಳು ಹೇಗೆ ನಿಲ್ಲುತ್ತಾಳೆ? ಕಂಪ್ಯೂಟರ್ ಸೈನ್ಸ್ ಕೊಡಿಸಲೇ?
(ಒಬ್ಬ ತಂದೆ, ರಾಣೆಬೆನ್ನೂರು)

ಅಣ್ಣಾರ, ನಿಮ್ಮೂರಲ್ಲಿ ಯಾವುದಾದರೂ ಮನೆ ಕಟ್ಟುತ್ತಿರುವ ಕಡೆ ಹೋಗಿ ಹತ್ತು ನಿಮಿಷ ನಿಂತು ನೋಡಿ. ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ ಹೊತ್ತು ಏಣಿ ಹತ್ತುತ್ತಿರುವವರು ಯಾರು? ಹೆಣ್ಣುಮಕ್ಕಳು ಸೈಟಿನ ಮೇಲೆ ಮೊದಲಿಂದಲೂ ಇದ್ದಾರೆ, ಬಿಸಿಲಿನಲ್ಲೇ ಇದ್ದಾರೆ. ಅವರು ನಕ್ಷೆ ಹಿಡಿದು ನಿಂತರೆ ಮಾತ್ರ ನಮಗೆ ಕಷ್ಟ ಕಾಣುತ್ತದೆ.

ನಿಮ್ಮ ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲೇ ಹುಟ್ಟಿದ ಸುಧಾ ಮೂರ್ತಿ ಅವರು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿಗೆ ಸೇರಿದಾಗ ಅಲ್ಲಿ ಅವರೊಬ್ಬರೇ ಹುಡುಗಿ. ಹೆಣ್ಣುಮಕ್ಕಳಿಗೆ ಶೌಚಾಲಯ ಕೂಡ ಇರಲಿಲ್ಲ. 1974ರಲ್ಲಿ ಟಾಟಾದವರ ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಅಂತ ಇದ್ದದ್ದನ್ನು ನೋಡಿ ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಅದೇ ಕಾಲೇಜು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಒಂದು ದಿನ ಮಗಳ ಜೊತೆ ಹೋಗಿ ಕ್ಯಾಂಪಸ್ಸಿನಲ್ಲಿ ಓಡಾಡಿ ಬನ್ನಿ. ಎಷ್ಟು ಹುಡುಗಿಯರು ಅಂತ ನೀವೇ ನೋಡುತ್ತೀರಿ.

ನಿಮ್ಮ ಚಿಂತೆಯಲ್ಲಿ ನ್ಯಾಯವಾದ ಭಾಗವೂ ಇದೆ. ಕಾಲೇಜಿನವರನ್ನು ಕೇಳಿ: ಸೈಟಿಗೆ ಕರೆದುಕೊಂಡು ಹೋದಾಗ ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಏನು? ವಾಪಸ್ ಬರಲು ಬಸ್ ಇದೆಯಾ? ತಂದೆಯಂದಿರು ಇದನ್ನು ಕೇಳಲು ಶುರು ಮಾಡಿದರೆ ಕಾಲೇಜುಗಳು ಬೇಗ ಬದಲಾಗುತ್ತವೆ. ಸೀಟು ಬದಲಾಯಿಸಬೇಡಿ.

ಪ್ರಶ್ನೆ: ಹತ್ತನೇ ತರಗತಿವರೆಗೂ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದೆ. ಈಗ ಎಲೆಕ್ಟ್ರಿಕಲ್ ಮೂರನೇ ಸೆಮಿಸ್ಟರ್. ಸೆಮಿನಾರ್ ಕೊಡುವಾಗ ನನ್ನ ಇಂಗ್ಲಿಷ್ ಕೇಳಿ ನಗುತ್ತಾರೆ. "ರೂರಲ್ ಕೋಟಾ" ಅಂತ ಅಡ್ಡಹೆಸರು ಇಟ್ಟಿದ್ದಾರೆ.
(ವಿದ್ಯಾರ್ಥಿ, ಹಿರೇಕೆರೂರು)

ತಮ್ಮಾ, ನಾನೂ ಕನ್ನಡ ಶಾಲೆಯವಳು. ಮೊದಲ ಸೆಮಿಸ್ಟರಿನಲ್ಲಿ ಮೇಷ್ಟ್ರು ಏನು ಕೇಳಿದರು ಅಂತ ಅರ್ಥವಾಗುವ ಹೊತ್ತಿಗೆ ಬೇರೆಯವರು ಉತ್ತರ ಹೇಳಿ ಕೂತಿರುತ್ತಿದ್ದರು. ಉತ್ತರ ನನಗೆ ಗೊತ್ತಿರುತ್ತಿತ್ತು.

ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಒಂದರಿಂದ ಹತ್ತರವರೆಗೆ ನೀನು ಓದಿದ ಜಾಗಕ್ಕೆ, ಭಾಷೆಗೆ ಸರಕಾರ ಕೊಟ್ಟ ಲೆಕ್ಕ ಅದು. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ಇಲ್ಲಿ ಹೆಚ್ಚು ತಿದ್ದಿಕೊಳ್ಳಬೇಕಾದವರು ನಾವು, ಕಲಿಸುವವರು. ಸರಾಗವಾಗಿ ಇಂಗ್ಲಿಷ್ ಮಾತಾಡುವ ಹುಡುಗನಿಗೆ ವಿಷಯ ಗೊತ್ತಿದೆ ಅಂತ ನಮ್ಮ ಕಿವಿ ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ಸೆಮಿಸ್ಟರ್ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಹೆಸರು ಇರುವುದಿಲ್ಲ. ಕಾಲೇಜಿನೊಳಗೇ ನಡೆಯುವ ಇಂಟರ್ನಲ್ಸ್ ಮತ್ತು ಬಾಯಿಮಾತಿನ ವೈವಾ ಪರೀಕ್ಷೆಯಲ್ಲಿ ಮುಖ ಎದುರಿಗೇ ಇರುತ್ತದೆ. ಹಾಗಾಗಿ ನಾನು ಇಂಟರ್ನಲ್ಸ್ ಪುಸ್ತಕಗಳ ಮೊದಲ ಪುಟ ಮಡಚಿಟ್ಟು ತಿದ್ದಲು ಶುರು ಮಾಡಿದೆ. ವೈವಾದಲ್ಲಿ ಎಲ್ಲರಿಗೂ ಅದೇ ಐದು ಪ್ರಶ್ನೆ, ಪ್ರತಿ ಉತ್ತರಕ್ಕೂ ಅಲ್ಲೇ ಅಂಕ. ಮೊದಲು ಕನ್ನಡದಲ್ಲಿ ಹೇಳು, ಆಮೇಲೆ ಇಂಗ್ಲಿಷಿನಲ್ಲಿ ಹೇಳು ಅನ್ನುತ್ತಿದ್ದೆ. ಇದನ್ನು ಓದುತ್ತಿರುವ ಮೇಷ್ಟ್ರುಗಳು ದಯವಿಟ್ಟು ಒಂದು ಸೆಮಿಸ್ಟರ್ ಮಾಡಿ ನೋಡಿ.

ನಿನಗೆ ಒಂದು ಘಟನೆ ಹೇಳುತ್ತೇನೆ. ಒಂದು ಬ್ಯಾಚಿನವರು ಹೊಲದ ಪಂಪ್‌ಸೆಟ್ಟಿಗೆ ಮೊಬೈಲಿನಿಂದ ಆನ್ ಆಫ್ ಮಾಡುವ ಸಾಧನ ಮಾಡಿದ್ದರು. ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹಿಂದೆ ಕೂತಿದ್ದ ಸವಣೂರು ಕಡೆಯ ಹುಡುಗ ಮೆಲ್ಲಗೆ ಕೇಳಿದ. "ತ್ರೀ ಫೇಸ್ ನಡುರಾತ್ರಿ ಬಂದ್ರ ಮೊಬೈಲ್ ಯಾರ್ ಒತ್ತತಾರ? ಒಂದ್ ಫೇಸ್ ಹೋದ್ರ ಮೋಟಾರ್ ಸುಡೂದಿಲ್ಲೇನು?" ಬ್ಯಾಚಿನ ನಾಲ್ವರೂ ಪಟ್ಟಣದ ಮಕ್ಕಳು. ಕರೆಂಟ್ ಅಂದರೆ ಯಾವಾಗಲೂ ಇರುವುದು ಅಂತಲೇ ಅವರು ಅಂದುಕೊಂಡಿದ್ದರು. ಕರೆಂಟ್ ಬಂದದ್ದನ್ನು ತಾನೇ ಗುರುತಿಸುವ, ಮೂರೂ ಫೇಸ್ ಇದೆಯಾ ಅಂತ ನೋಡಿ ಆಮೇಲೆ ಮೋಟಾರ್ ಚಾಲೂ ಮಾಡುವ ಭಾಗವನ್ನು ಆಮೇಲೆ ಸೇರಿಸಿದರು. ಆ ಹುಡುಗನನ್ನೂ ಬ್ಯಾಚಿಗೆ ಸೇರಿಸಿಕೊಂಡರು. ನಿನ್ನ ಹತ್ತಿರವೂ ಇಂಥ ಪ್ರಶ್ನೆಗಳು ಇರುತ್ತವೆ. ಇಂಗ್ಲಿಷ್ ಬರುವವರೆಗೆ ಅವನ್ನು ಒಳಗೇ ಇಟ್ಟುಕೊಳ್ಳಬೇಡ.

ಪ್ರಶ್ನೆ: ನಿಮ್ಮ ಹೋದ ತಿಂಗಳ ಬರಹ ಒಪ್ಪಲಾಗಲಿಲ್ಲ. ಯಂತ್ರಕ್ಕೆ ಜಾತಿ ಇಲ್ಲ, ಗಂಡು ಹೆಣ್ಣು ಇಲ್ಲ. ಆಯ್ಕೆಯನ್ನೆಲ್ಲ ಕಂಪ್ಯೂಟರಿಗೆ ಬಿಟ್ಟರೆ ಮೆರಿಟ್ ತಾನಾಗಿ ಮೇಲೆ ಬರುತ್ತದೆ.
(ನಿವೃತ್ತ ಇಂಜಿನಿಯರ್, ಹುಬ್ಬಳ್ಳಿ)

ಸರ್, ನೇರವಾಗಿ ಬರೆದದ್ದಕ್ಕೆ ಧನ್ಯವಾದ. ಯಂತ್ರಕ್ಕೆ ಜಾತಿ ಇಲ್ಲ, ನಿಜ. ಅದಕ್ಕೆ ಕಲಿಸಿದ ಹಳೆಯ ದಾಖಲೆಗೆ ಇದೆ.

ಅಮೆಜಾನ್ ಕಂಪನಿ ಬಯೋಡೇಟಾ ಜರಡಿ ಹಿಡಿಯಲು ಒಂದು ತಂತ್ರಾಂಶ ಮಾಡಿತ್ತು. ಹತ್ತು ವರ್ಷ ಬಂದ ಅರ್ಜಿಗಳನ್ನು ಅದಕ್ಕೆ ಓದಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ ಬಯೋಡೇಟಾದಲ್ಲಿ ಮಹಿಳೆಯರ ಅನ್ನುವ ಪದ ಕಂಡರೆ ಸಾಕು, ಉದಾಹರಣೆಗೆ ಮಹಿಳೆಯರ ಚೆಸ್ ಕ್ಲಬ್ಬಿನ ನಾಯಕಿ ಅಂತಿದ್ದರೆ, ಅಂಕ ಕಡಿಮೆ ಮಾಡಲು ಕಲಿತಿತ್ತು. ಕಂಪನಿ ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂತು.

ಮನುಷ್ಯರ ಆಯ್ಕೆಯ ಲೆಕ್ಕ ನಮ್ಮ ದೇಶದಲ್ಲೇ ಇದೆ. ಸಂಶೋಧಕರಾದ ಸುಖದೇವ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಅವರು ಪತ್ರಿಕೆಯ ಉದ್ಯೋಗ ಜಾಹೀರಾತುಗಳಿಗೆ ಸಾವಿರಾರು ಅರ್ಜಿ ಕಳಿಸಿದರು. ಓದು ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ. 2007ರಲ್ಲಿ ಫಲಿತಾಂಶ ಬಂತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಇದರಲ್ಲಿ ಮೆರಿಟ್ ಎಲ್ಲಿ ಮೇಲೆ ಬಂತು ಸರ್? ಮೆರಿಟ್ ಬೇಕು ಅಂತಲೇ ನಾನೂ ಹೇಳುತ್ತಿರುವುದು.

ತಿದ್ದಲು ಆಗುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ. ಅಮೆರಿಕದ ಎಂಐಟಿಯಲ್ಲಿದ್ದ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮೂರು ಕಂಪನಿಗಳ ತಂತ್ರಾಂಶ ಪರೀಕ್ಷಿಸಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶ. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಹೆಂಗಸರಲ್ಲಿ ಶೇ. 34.7ರವರೆಗೆ. ಮರುವರ್ಷ ಮತ್ತೆ ಪರೀಕ್ಷಿಸಿದಾಗ ಆ ಮೂರೂ ಕಂಪನಿಗಳ ತಪ್ಪು ಬಹಳ ಕಡಿಮೆಯಾಗಿತ್ತು. ಒಟ್ಟು ಸರಾಸರಿ ಒಂದನ್ನೇ ನೋಡದೆ, ಯಾರ ಮುಖದಲ್ಲಿ ಎಷ್ಟು ತಪ್ಪು ಅಂತ ಬಿಡಿಸಿ ತೋರಿಸಿದ್ದರಿಂದ ಆದ ಕೆಲಸ. ನೀವೂ ನಿಮ್ಮ ಸರ್ವಿಸಿನಲ್ಲಿ ಹೀಗೇ ಮಾಡಿರುತ್ತೀರಿ, ಯಾವ ಮಷೀನಿನಿಂದ ಎಷ್ಟು ರಿಜೆಕ್ಟ್ ಅಂತ.

ಪ್ರಶ್ನೆ: ಈ ವಿಷಯದಲ್ಲಿ ಸಣ್ಣದೊಂದು ಪ್ರಾಜೆಕ್ಟ್ ಮಾಡಬೇಕು. ದುಡ್ಡಿಲ್ಲ, ಸಮಯವೂ ಕಡಿಮೆ.
(ಎರಡನೇ ವರ್ಷದ ವಿದ್ಯಾರ್ಥಿಗಳು, ಕಲಘಟಗಿ)

ಒಂದು ಟೇಪು, ಒಂದು ನೋಟ್‌ಬುಕ್ ಸಾಕು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಹೋಗಿ. ಬಸ್ಸಿನ ಒಳಗೆ ಹೋಗಲು ಮೆಟ್ಟಿಲು ಹತ್ತಬೇಕಿಲ್ಲ, ಒಳ್ಳೆಯ ವ್ಯವಸ್ಥೆ. ಆದರೆ ನಿಲ್ದಾಣ ಇರುವುದು ರಸ್ತೆಯ ನಡುವೆ. ಊರುಗೋಲು ಹಿಡಿದ ಅಜ್ಜಿ, ಕಣ್ಣು ಕಾಣದವರು, ಕೂಸು ಎತ್ತಿಕೊಂಡ ತಾಯಿ ಅಲ್ಲಿಯವರೆಗೆ ಹೇಗೆ ಬರುತ್ತಾರೆ ಅಂತ ನೋಡಿ, ಅವರನ್ನೇ ಕೇಳಿ. ಒಳಗಿನ ಹಿಡಿಕೆ ಎಷ್ಟು ಎತ್ತರದಲ್ಲಿದೆ, ನಿಮ್ಮ ಅವ್ವನ ಕೈ ಎಷ್ಟು ಎತ್ತರಕ್ಕೆ ಮುಟ್ಟುತ್ತದೆ ಅಂತ ಅಳೆಯಿರಿ. ಅಥವಾ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಪಕ್ಕ ಅರ್ಧ ದಿನ ಕೂತು ಬನ್ನಿ.

ಯಾರನ್ನು ಕೇಳುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ನನ್ನ ಕೊನೆಯ ವರ್ಷದ ಒಂದು ಬ್ಯಾಚು ಎಣ್ಣಿ, ಅಂದರೆ ಬೆಳೆಗೆ ಕೀಟನಾಶಕ, ಹೊಡೆಯುವ ಪಂಪು ಸುಧಾರಿಸಲು ಹೊರಟಿತ್ತು. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನದು. ಕುಂದಗೋಳ ಕಡೆ ಹೋಗಿ ರೈತರನ್ನು ಕೇಳಿದರು. ಬೆನ್ನು ನೋಯುತ್ತದೆ ಅಂದರು. ಪಟ್ಟಿ ಅಗಲ ಮಾಡಿದರು, ತೂಕ ಇಳಿಸಿದರು. ತೋರಿಸಲು ಮತ್ತೆ ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಬದುವಿನ ಮೇಲೆ ಒಬ್ಬಾಕೆ ಕೊಡ ಹಿಡಿದು ನಿಂತಿದ್ದಳು. ಎಣ್ಣಿ ಹೊಡೆಯುವವನು ಗಂಡ, ನೀರು ಹೊತ್ತು ತಂದು ಪಂಪು ತುಂಬುವವಳು ಹೆಂಡತಿ. ಆಕೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಕೇಳಿದ ಕೂಡಲೇ ಆಕೆ ಪಂಪಿನ ಬಾಯಿ ತೋರಿಸಿದಳು. "ಕೊಡದ ಬಾಯಿ ಇಷ್ಟ್ ಅಗಲ, ಇದರ ಬಾಯಿ ಇಷ್ಟ ಸಣ್ಣದು. ಸುರುವಿದ್ದೆಲ್ಲಾ ಕೈಮ್ಯಾಲೆ ಸಿಡೀತೈತಿ. ರಾತ್ರಿ ರೊಟ್ಟಿ ಬಡಿಯುವಾಗ ಕೈ ಉರೀತಾವ್ರಿ."

ಹುಡುಗರು ಟೇಪ್ ತೆಗೆದು ಆಕೆಯ ಕೊಡದ ಬಾಯಿ ಅಳೆದುಕೊಂಡರು. ವಾಪಸ್ ಬಂದು ಪಂಪಿನ ಬಾಯಿ ಅಗಲ ಮಾಡಿದರು, ಸಿಡಿಯದ ಹಾಗೆ ಒಳಗೆ ಆಳವಾದ ಜಾಳಿಗೆ ಕೂರಿಸಿದರು. ರಿಪೋರ್ಟಿನಲ್ಲಿ ಬಳಕೆದಾರರು ಅನ್ನುವ ಕಡೆ ಎರಡು ಸಾಲು ಬರೆದರು. ಹೊಡೆಯುವವರು, ತುಂಬುವವರು. ನಿಮ್ಮ ಪ್ರಾಜೆಕ್ಟಿನಲ್ಲೂ ಆ ಎರಡನೇ ಸಾಲು ಹುಡುಕಿ. ಸಿಕ್ಕಿದ್ದನ್ನು ನನಗೆ ಬರೆದು ಕಳಿಸಿ.